ತಮಟೆ ಹೊಡೆದವನಿಗೆ ಸುದ್ದಿ ಮುಟ್ಟಲಿಲ್ಲ

ನಮ್ಮ ತಾತ ಊರಿನ ತೋಟಿಯಾಗಿದ್ದ. ಸರ್ಕಾರದ ಕಾಗದ ಯಾವುದೇ ಬರಲಿ, ಮೊದಲು ಬರುತ್ತಿದ್ದುದು ಚಾವಡಿಗೆ. ಜಗುಲಿ ಮೇಲೆ ಕೂತು ಶ್ಯಾನುಭೋಗರು ಓದುವರು, ಪಟೇಲರು ಕೇಳುವರು. ತಾತ ಕೆಳಗೆ ಅಂಗಳದಲ್ಲಿ ತಮಟೆ ಬಗಲಲ್ಲಿ ಇಟ್ಟುಕೊಂಡು ನಿಂತಿರುವನು. ಓದಿದ್ದರಲ್ಲಿ ಒಂದೆರಡು ಮಾತನ್ನು ಆರಿಸಿ ಅವನ ಬಾಯಿಗೆ ಹಾಕುವರು. "ಕಂದಾಯ ಕಟ್ಟೋಕೆ ನಾಡಿದ್ದೇ ಕಡೇ ದಿನ ಅಂತ ಸಾರ್ಕಂಡು ಬಾರ್ಲಾ." ತಾತ ಹುಲ್ಲು ಹತ್ತಿಸಿ ತಮಟೆ ಕಾಯಿಸಿಕೊಂಡು ಬೀದಿ ಬೀದಿ ಸುತ್ತಿ ಸಾರಿ ಬರುವನು. ಕೇರಿಗೆ ಮಾತ್ರ ಸಾರುತ್ತಿರಲಿಲ್ಲ. ಯಾಕೆ ಅಂತ ನಾನು ಹುಡುಗನಾಗಿದ್ದಾಗ ಕೇಳಿದ್ದೆ. "ನಮಗೆ ಕಂದಾಯ ಎಲ್ಲಿತ್ತು ಮಗಾ, ಸಾರೋಕೆ?" ಅಂದಿದ್ದ.

ಆ ಮಾತು ಅರ್ಥವಾಗಲು ನಾನು ಡಿಗ್ರಿ ಓದಬೇಕಾಯಿತು. ಸರ್ಕಾರದ ಸುದ್ದಿಯನ್ನು ಊರಿಗೆಲ್ಲ ಹೊತ್ತು ತಿರುಗಿದವನು ನಮ್ಮವನೇ. ಆ ಸುದ್ದಿಯಲ್ಲಿ ತನಗೇನಿದೆ ಎಂದು ಗೊತ್ತಿಲ್ಲದೆ ಸತ್ತವನೂ ನಮ್ಮವನೇ. ಇದು ಒಬ್ಬ ತಾತನ ಹಣೆಬರಹ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಸರ್ಕಾರ ಹಳ್ಳಿಗೆ ನೆರವು ಕೊಡಲು ಶುರು ಮಾಡಿದ ನೂರನಲವತ್ತು ವರ್ಷಗಳ ಚರಿತ್ರೆಯನ್ನು ತೆಗೆದು ನೋಡಿದರೆ ಇದೇ ಕತೆ ಮತ್ತೆ ಮತ್ತೆ ಸಿಗುತ್ತದೆ. ಯೋಜನೆಗಳ ಹೆಸರು ಬದಲಾಗಿದೆ, ನಮೂನೆಗಳ ನಂಬರು ಬದಲಾಗಿದೆ. ಸುದ್ದಿ ಹೋಗುವ ದಾರಿ ಮಾತ್ರ ಬದಲಾಗಿಲ್ಲ. ಅದು ಜಮೀನಿದ್ದವನ ಮನೆ ಮುಂದೆ ನಿಂತುಬಿಡುತ್ತದೆ. ನಾವು ತಡವಾಗಿ ಕೇಳಿಸಿಕೊಂಡು ಹೋದಾಗ "ಅವಧಿ ಮುಗೀತು" ಅಂತ ಕಿಟಕಿ ಮುಚ್ಚುತ್ತಾರೆ. ಈ ಲೇಖನ ಆ ಮುಚ್ಚಿದ ಕಿಟಕಿಯ ಬಗ್ಗೆ.

ತಗಾವಿಯ ಕಾಲ

1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಕಿತ್ತು ಸುಟ್ಟರು. ಅದರ ಮರುವರ್ಷವೇ ಭೀಕರ ಬರ. ನಮ್ಮ ಕಡೆ ಹಿರಿಯರು ಧಾತು ಈಶ್ವರ ಬರ ಅಂತ ಕರೆಯುವ 1876-78ರ ಬರ. ಮೈಸೂರು, ಬಳ್ಳಾರಿ, ಬಿಜಾಪುರ ಸೀಮೆಗಳಲ್ಲಿ ಜನ ಹುಳುಗಳ ಹಾಗೆ ಸತ್ತರು. ರೈತ ಪೂರಾ ಹಾಳಾದರೆ ಕಂದಾಯ ಬರುವುದಿಲ್ಲ ಎಂದು ಬ್ರಿಟಿಷ್ ಸರ್ಕಾರಕ್ಕೆ ತಿಳಿಯಿತು. 1883ರಲ್ಲಿ ಭೂ ಸುಧಾರಣೆ ಸಾಲದ ಕಾಯ್ದೆ, 1884ರಲ್ಲಿ ಬೇಸಾಯಗಾರರ ಸಾಲದ ಕಾಯ್ದೆ ಬಂದವು. ಬಾವಿ ತೋಡಲು, ಎತ್ತು ಕೊಳ್ಳಲು, ಬೀಜ ತರಲು ಸರ್ಕಾರವೇ ಸಾಲ ಕೊಡುವ ಏರ್ಪಾಡು. ಜನರ ಬಾಯಲ್ಲಿ ಅದು ತಗಾವಿ.

ತಗಾವಿ ಬೇಕಾದರೆ ಅರ್ಜಿ ಬರೆಯಬೇಕು. ಜಮೀನನ್ನು ಭದ್ರತೆಗೆ ತೋರಿಸಬೇಕು, ಇಲ್ಲವೇ ಜಾಮೀನು ನಿಲ್ಲುವವರಿರಬೇಕು. ಅರ್ಜಿ ಬರೆಯುವವನು ಕುಲಕರ್ಣಿ ಅಥವಾ ಶ್ಯಾನುಭೋಗ. ಜಾಮೀನು ನಿಲ್ಲುವವನು ಊರಗೌಡ. ಜಮೀನಿಲ್ಲದ ಹೊಲೆಯ, ಮಾದಿಗನಿಗೆ ಈ ಕಾಯ್ದೆಯಲ್ಲಿ ಜಾಗವೇ ಇರಲಿಲ್ಲ. ಅವನ ಪಾಲಿಗೆ ಇದ್ದದ್ದು ಒಂದೇ ಕೆಲಸ. ತಗಾವಿ ವಸೂಲಿಗೆ ಅಧಿಕಾರಿ ಬಂದಾಗ ಸಾಮಾನು ಹೊತ್ತುಕೊಂಡು ಮುಂದೆ ನಡೆಯೋದು, ಬಾಕಿದಾರರನ್ನು ಕೂಗಿ ಕರೆಯೋದು.

ಅದೇ 1883ರಲ್ಲಿ ಜೋತಿಬಾ ಫುಲೆ ಮರಾಠಿಯಲ್ಲಿ 'ಶೇತಕರ್ಯಾಚಾ ಅಸೂಡ್' ಬರೆದರು. ರೈತನ ಚಾಟಿ ಅಂತ ಅದರ ಅರ್ಥ. ಅಕ್ಷರ ಬಾರದ ರೈತನನ್ನು ಅಕ್ಷರ ಬಲ್ಲ ಕಾರಕೂನ, ಕುಲಕರ್ಣಿಗಳು ಕಚೇರಿಯ ಮೆಟ್ಟಿಲು ಮೆಟ್ಟಿಲಿಗೂ ಹೇಗೆ ಸುಲಿಯುತ್ತಾರೆ ಎಂಬುದನ್ನು ಫುಲೆ ಅದರಲ್ಲಿ ಬಿಚ್ಚಿ ತೋರಿಸಿದರು. ಶೂದ್ರನ ಕೇಡಿಗೆಲ್ಲ ಬೇರು ಅವನಿಗೆ ವಿದ್ಯೆ ಸಿಗದಂತೆ ಮಾಡಿದ್ದು ಎಂಬುದು ಅವರ ವಾದ. 1882ರಲ್ಲಿ ಹಂಟರ್ ಆಯೋಗದ ಮುಂದೆಯೂ ಅವರು ಇದನ್ನೇ ಹೇಳಿದ್ದರು. ರೈತನ ಬೆವರಿನಿಂದ ಬಂದ ಕಂದಾಯದಲ್ಲಿ ಮೇಲಿನವರ ಮಕ್ಕಳು ಓದುತ್ತಾರೆ, ರೈತನ ಮಕ್ಕಳಿಗೆ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕೊಡಿ ಎಂದಿದ್ದರು. ಸರ್ಕಾರದ ನೆರವು ಜನರಿಗೆ ಮುಟ್ಟುವುದು ಕಾಯ್ದೆಯಿಂದಲ್ಲ, ಕಾಯ್ದೆಯನ್ನು ಓದಬಲ್ಲವನಿಂದ. ಈ ಸತ್ಯವನ್ನು ಮೊದಲು ಕಂಡವರು ಫುಲೆ.

ಸುದ್ದಿ ಹೊತ್ತವನ ಸ್ಥಿತಿಯನ್ನು ಸರ್ಕಾರದ ಮುಂದೆ ಇಟ್ಟವರು ಬಾಬಾಸಾಹೇಬರು. 1928ರ ಮಾರ್ಚ್‌ನಲ್ಲಿ ಅವರು ಬೊಂಬಾಯಿ ವಿಧಾನ ಪರಿಷತ್ತಿನಲ್ಲಿ ವಂಶಪಾರಂಪರ್ಯ ಗ್ರಾಮಸೇವೆಯ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆ ಮಂಡಿಸಿದರು. ವತನದ ಹೆಸರಿನಲ್ಲಿ ಮಹಾರರು ಹಗಲು ರಾತ್ರಿ ಎನ್ನದೆ ಸರ್ಕಾರದ ಚಾಕರಿ ಮಾಡಬೇಕು. ಅವನಿಲ್ಲದಿದ್ದರೆ ಮನೆಯವರು ಹೋಗಬೇಕು. ಕೂಲಿ ಅಂತ ಸಿಗುವುದು ತುಂಡು ಇನಾಮು ಜಮೀನು, ಜೊತೆಗೆ ಊರವರು ಇಟ್ಟರೆ ಇಟ್ಟ ಕಾಳು. ಈ ಬಂಧನ ಕಳಚಲಿ ಎಂದು ಅವರು ಹೋರಾಡಿದರು. ಮಸೂದೆ ಕಾಯ್ದೆಯಾಗಲಿಲ್ಲ. ಆಗ ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು ಬೊಂಬಾಯಿ ಪ್ರಾಂತ್ಯದಲ್ಲೇ ಇದ್ದವು. ಅಲ್ಲಿ ಈ ಚಾಕರಿ ಮಾಡುವವನಿಗೆ ವಾಲೀಕಾರ, ಓಲೇಕಾರ ಅನ್ನುತ್ತಿದ್ದರು. ಓಲೆ ಹೊರುವವನು. ಓಲೆ ಹೊತ್ತ ತಲೆಗೆ ಓಲೆ ಓದುವ ಹಕ್ಕು ಮಾತ್ರ ಇರಲಿಲ್ಲ. 1920ರಲ್ಲಿ 'ಮೂಕನಾಯಕ', 1927ರಲ್ಲಿ 'ಬಹಿಷ್ಕೃತ ಭಾರತ' ಪತ್ರಿಕೆಗಳನ್ನು ಬಾಬಾಸಾಹೇಬರು ಯಾಕೆ ನಡೆಸಿದರು ಅನ್ನುವುದು ಇದರಿಂದ ತಿಳಿಯುತ್ತದೆ. ನಮ್ಮ ಸುದ್ದಿಯನ್ನು ನಾವೇ ಓದಬೇಕು, ನಾವೇ ಸಾರಬೇಕು.

ಗ್ರಾಮಸೇವಕ ಎಲ್ಲಿ ಇಳಿದ?

ಸ್ವಾತಂತ್ರ್ಯ ಬಂತು. 1952ರ ಅಕ್ಟೋಬರ್ 2ರಂದು ದೇಶದಲ್ಲಿ 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಮರುವರ್ಷ ರಾಷ್ಟ್ರೀಯ ವಿಸ್ತರಣಾ ಸೇವೆ. ಸುಮಾರು ನೂರು ಹಳ್ಳಿಗೆ ಒಂದು ಬ್ಲಾಕು, ಹತ್ತು ಹಳ್ಳಿಗೆ ಒಬ್ಬ ಗ್ರಾಮಸೇವಕ. ಬೀಜ, ಗೊಬ್ಬರ, ಕೋಳಿ, ಬಾವಿ, ಕಕ್ಕಸು, ಶಾಲೆ, ಎಲ್ಲದರ ಸುದ್ದಿಯನ್ನೂ ಅವನೇ ಸೈಕಲ್ ಮೇಲೆ ತರಬೇಕು.

ಸೈಕಲ್ ಊರೊಳಗೆ ಬಂದು ಯಾರ ಮನೆ ಮುಂದೆ ನಿಲ್ಲಬೇಕು? ಮಧ್ಯಾಹ್ನ ಉಣ್ಣಬೇಕು, ರಾತ್ರಿ ಮಲಗಬೇಕು, ಸಭೆ ಸೇರಿಸಬೇಕು. ಗೌಡರ ಜಗುಲಿ ಬಿಟ್ಟರೆ ಇನ್ನೊಂದು ಜಾಗವಿಲ್ಲ. ಆ ಜಗುಲಿ ನಮಗೆ ಹತ್ತುವಂತಿರಲಿಲ್ಲ. ಗ್ರಾಮಸೇವಕ ಕೆಟ್ಟವನಾಗಬೇಕಾಗಿಯೇ ಇರಲಿಲ್ಲ. ಎಷ್ಟೋ ಜನ ಒಳ್ಳೆಯವರೇ ಇದ್ದರು. ಆದರೆ ಜಗುಲಿ ಮೇಲೆ ಹೇಳಿದ ಮಾತು ಜಗುಲಿಯಲ್ಲೇ ಉಳಿಯಿತು. 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ವರದಿ ಕೊಟ್ಟಿತು. ಈ ಯೋಜನೆಯನ್ನು ಜನ ತಮ್ಮದು ಅಂದುಕೊಂಡಿಲ್ಲ, ಜನರಿಂದ ಆರಿಸಿ ಬಂದ ಸಂಸ್ಥೆಗಳ ಕೈಗೆ ಕೊಡಬೇಕು ಎಂಬುದು ಅದರ ತೀರ್ಪು. ಹಾಗೆ ಪಂಚಾಯ್ತಿ ಬಂತು. ಪಂಚಾಯ್ತಿಯ ಕುರ್ಚಿಯಲ್ಲಿ ಕೂತವರು ಯಾರು? ಅದೇ ಜಗುಲಿಯವರು.

ಆಮೇಲೆ ರೇಡಿಯೊ. 1956ರಲ್ಲಿ ಪುಣೆ ಕಡೆಯ ಐದು ಜಿಲ್ಲೆಗಳ ಹಳ್ಳಿಗಳಲ್ಲಿ ಯುನೆಸ್ಕೊ ನೆರವಿನಿಂದ ರೇಡಿಯೊ ಕೂಟಗಳನ್ನು ನಡೆಸಿ ನೋಡಿದರು. ಊರವರು ಒಟ್ಟಿಗೆ ಕೂತು ಕೇಳಬೇಕು, ಚರ್ಚಿಸಬೇಕು, ಮಾಡಬೇಕು. 1966ರಿಂದ ಆಕಾಶವಾಣಿಯಲ್ಲಿ ಕೃಷಿ ಕಾರ್ಯಕ್ರಮಕ್ಕೇ ಬೇರೆ ವಿಭಾಗಗಳು ಶುರುವಾದವು. ಹೊಸ ತಳಿಯ ಬೀಜ ಬಂದ ಕಾಲ ಅದು. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ತೋರಿಸಿದರು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ಬಿಜಾಪುರ, ರಾಯಚೂರು ಕಡೆಯ ಹಳ್ಳಿಗಳು ಅದರಲ್ಲಿದ್ದವು. ಇವೆಲ್ಲ ದೊಡ್ಡ ಪ್ರಯತ್ನಗಳೇ, ಇಲ್ಲ ಅನ್ನುವುದಿಲ್ಲ. ಆಕಾಶದಿಂದ ಬರುವ ಮಾತಿಗೆ ಜಾತಿಯಿಲ್ಲ ಅಂತ ನಮ್ಮ ಹಿರಿಯರಲ್ಲಿ ಕೆಲವರಾದರೂ ಖುಷಿಪಟ್ಟಿರಬೇಕು. ಆದರೆ ಎಕರೆಗೆ ಎಷ್ಟು ಮೂಟೆ ಗೊಬ್ಬರ ಅನ್ನುವ ಮಾತು ಎಕರೆಯೇ ಇಲ್ಲದವನ ಯಾವ ಕೆಲಸಕ್ಕೆ ಬಂದೀತು?

ಅದೇ ಹೊತ್ತಿನಲ್ಲಿ ವಿಶ್ವಬ್ಯಾಂಕಿನವರು ತರಬೇತಿ ಮತ್ತು ಭೇಟಿ ಎಂಬ ಪದ್ಧತಿ ತಂದರು. ಕೃಷಿ ಸಹಾಯಕ ಹದಿನೈದು ದಿನಕ್ಕೊಮ್ಮೆ ಊರಿಗೆ ಬರಬೇಕು. ಎಲ್ಲರನ್ನೂ ಕಾಣಲು ಆಗದು, ಆದ್ದರಿಂದ ಕೆಲವರನ್ನು 'ಸಂಪರ್ಕ ರೈತ' ಅಂತ ಆರಿಸಿಕೊಂಡು ಅವರಿಗೆ ಹೇಳಬೇಕು. ಅವರು ಉಳಿದವರಿಗೆ ಹೇಳುತ್ತಾರೆ ಅನ್ನುವ ಲೆಕ್ಕ. ಸುದ್ದಿ ಮೇಲಿಂದ ಕೆಳಕ್ಕೆ ತಾನೇ ಸೋರಿ ಬರುತ್ತದೆ ಅಂತ ಇವರ ನಂಬಿಕೆ. ಊರಿನ ನೀರೇ ಮೇಲಿಂದ ಕೆಳಕ್ಕೆ ಬರದ ದೇಶದಲ್ಲಿ ಸುದ್ದಿ ಬರುತ್ತದೆಯೇ? ಮೇಲ್ಜಾತಿಯ ಸಂಪರ್ಕ ರೈತ ಕೇರಿಗೆ ಬಂದು ಜೀತದಾಳಿನ ಪಕ್ಕ ಕೂತು ಸಬ್ಸಿಡಿಯ ವಿವರ ಹೇಳುವುದನ್ನು ಯಾರಾದರೂ ಕಂಡಿದ್ದರೆ ನನಗೂ ಹೇಳಲಿ.

ನಮೂನೆ 7

ಈ ಚರಿತ್ರೆಯಲ್ಲಿ ನಮ್ಮ ನಾಡಿನ ದೊಡ್ಡ ಅಧ್ಯಾಯ 1974. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಆ ವರ್ಷ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಜಮೀನೆಲ್ಲ ಸರ್ಕಾರದ ವಶ. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಭೂ ನ್ಯಾಯಮಂಡಳಿ ವಿಚಾರಿಸಿ ಅವನ ಹೆಸರಿಗೆ ಮಾಡಿಕೊಡಬೇಕು. ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆಗೆ ನಾಲ್ಕು ಜನ ನಾಮಕರಣಗೊಂಡ ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ವಕೀಲರಿಗೆ ಮೊದಲು ಪ್ರವೇಶವಿರಲಿಲ್ಲ. ಬಡವನ ಪರವಾಗಿ ಇಷ್ಟು ಬಿಚ್ಚುಮನಸ್ಸಿನಿಂದ ಬರೆದ ಕಾಯ್ದೆಗಳು ಕಡಿಮೆ. ಅರ್ಜಿಗೆ ಗಡುವು ಹಾಕಿದರು, ಮುಂದೂಡಿದರು. ಕೊನೆಗೆ 1979ರ ಜೂನ್ 30ಕ್ಕೆ ಬಾಗಿಲು ಮುಚ್ಚಿತು.

ಯಾರು ಅರ್ಜಿ ಹಾಕಿದರು? ಸಂಘಟನೆ ಇದ್ದ ಕಡೆ ಜನ ಸಾಲುಗಟ್ಟಿದರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲೇ ದೀವರ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಅಲ್ಲಿ ಜನರ ಜೊತೆ ನಿಂತಿದ್ದರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಕರಾವಳಿಯಲ್ಲಿ ಕಮ್ಯುನಿಸ್ಟರು ಗೇಣಿದಾರರ ನಡುವೆ ಹಲವು ವರ್ಷ ದುಡಿದಿದ್ದರು. ಅಂಥ ಕಡೆ ಗೇಣಿದಾರನಿಗೆ ಕಾಯ್ದೆಯ ಸುದ್ದಿ ಗೆಜೆಟ್ಟಿಗಿಂತ ಮೊದಲು ಸಂಘದಿಂದ ತಿಳಿಯಿತು. ಗೇಣಿ ಚೀಟಿ ಜೋಪಾನ ಮಾಡು, ಸಾಕ್ಷಿಗೆ ಪಕ್ಕದ ಹೊಲದವನನ್ನು ಕರೆ ಅಂತ ಹೇಳಿಕೊಡುವವರಿದ್ದರು.

ಸಂಘಟನೆ ಇಲ್ಲದ ಕಡೆ ಏನಾಯಿತು? ಗೇಣಿ ಬಾಯಿಮಾತಿನದು. ಚೀಟಿಯಿಲ್ಲ, ರಸೀತಿಯಿಲ್ಲ, ಪಹಣಿಯಲ್ಲಿ ಹೆಸರಿಲ್ಲ. "ನಮ್ಮನೆ ಅನ್ನ ತಿಂದವನು ನೀನು, ಅರ್ಜಿ ಹಾಕ್ತೀಯಾ?" ಅಂದರೆ ಮುಗಿಯಿತು. ಇನ್ನು ವರ್ಷಗಟ್ಟಲೆ ಅದೇ ಹೊಲದಲ್ಲಿ ಉತ್ತ ಜೀತದಾಳು, ಕೂಲಿಯಾಳು ಕಾಯ್ದೆಯ ಕಣ್ಣಿಗೆ ಗೇಣಿದಾರನೇ ಅಲ್ಲ. ನೇಗಿಲು ಹಿಡಿದ ಕೈ ಅವನದು, ಆದರೆ 'ಉಳುವವನು' ಎಂಬ ಪದದೊಳಗೆ ಅವನಿಲ್ಲ. ಹೀಗಾಗಿ ಈ ಕಾಯ್ದೆಯ ಫಲ ಹೆಚ್ಚಾಗಿ ಸೇರಿದ್ದು ಗೇಣಿ ಮಾಡುತ್ತಿದ್ದ ನಡುವಿನ ಜಾತಿಗಳಿಗೆ. ಅವರಿಗೆ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಯುರಿಯಿಲ್ಲ, ಅವರೂ ದುಡಿದವರೇ. ನಮ್ಮ ಪಾಲು ಎಲ್ಲಿ ಅನ್ನುವುದಷ್ಟೇ ಪ್ರಶ್ನೆ.

ನಮ್ಮ ಊರಿನಲ್ಲಿ ನಮೂನೆ 7ರ ಸುದ್ದಿಯನ್ನು ಸಾರಿದವನು ಯಾರು ಗೊತ್ತೇ? ನಮ್ಮ ತಾತ. ಆಗ ಅವನು ಸರ್ಕಾರದ ಲೆಕ್ಕದಲ್ಲಿ ತೋಟಿಯೇ ಅಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಯಾಗಿ ಪಟೇಲ, ಶ್ಯಾನುಭೋಗ, ತೋಟಿ, ತಳವಾರ, ನೀರಗಂಟಿ ಎಲ್ಲರ ವಂಶಪಾರಂಪರ್ಯ ಹುದ್ದೆಯೂ ಹೋಗಿತ್ತು. ಆದರೂ ಊರು ತಮಟೆ ಬಿಡಗೊಡಲಿಲ್ಲ. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿತ್ತು. ಚಾಕರಿಗೆ ಬದಲಾಗಿ ಅನುಭವಿಸುತ್ತಿದ್ದ ಇನಾಮು ಜಮೀನನ್ನು, ಗೊತ್ತಾದ ಹಣ ಕಟ್ಟಿಸಿಕೊಂಡು, ಹಿಡುವಳಿದಾರನ ಹೆಸರಿಗೇ ಮರುಮಂಜೂರು ಮಾಡಬೇಕು. ತಾತನ ಕೈಯಲ್ಲಿ 1 ಎಕರೆ 8 ಗುಂಟೆ ತೋಟಿ ಇನಾಮು ಇತ್ತು. ಹುದ್ದೆ ಹೋಯಿತು ಅಂತ ಅವನಿಗೆ ಹೇಳಿದರು. ಜಮೀನು ನಿನ್ನದಾಗುತ್ತದೆ ಅಂತ ಯಾರೂ ಹೇಳಲಿಲ್ಲ. ಅತ್ತೆಯ ಮದುವೆಗೆ ಅದನ್ನು ಭೋಗ್ಯಕ್ಕೆ ಇಟ್ಟ. 1984ರಲ್ಲಿ ನಮ್ಮಪ್ಪ ಏಳನೇ ಕ್ಲಾಸಿನವರೆಗೆ ಕಲಿತಿದ್ದ ಅಕ್ಷರದ ಧೈರ್ಯದಲ್ಲಿ ಮೊದಲ ಸಲ ಪಹಣಿ ತೆಗೆಸಿ ನೋಡಿದರೆ ಅಲ್ಲಿ ಬೇರೆಯವರ ಹೆಸರು. ತಾತ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದನಂತೆ. ಅವನಿಗೆ ಓದಲು ಬರುತ್ತಿರಲಿಲ್ಲ.

ತಡವಾಯಿತು ಅನ್ನುವ ತೀರ್ಪು

ಅರಸರ ಸರ್ಕಾರವೇ ತಂದ ಇನ್ನೊಂದು ಕಾಯ್ದೆ ನಮ್ಮ ಪಾಲಿಗೆ ನಮೂನೆ 7ಕ್ಕಿಂತ ದೊಡ್ಡದು. 1978ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ. ಜನರ ಬಾಯಲ್ಲಿ ಪಿಟಿಸಿಎಲ್. 1979ರ ಜನವರಿ 1ರಿಂದ ಜಾರಿ. ಸರ್ಕಾರ ದಲಿತನಿಗೆ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಯಾರಾದರೂ ಕೊಂಡಿದ್ದರೆ ಆ ಕ್ರಯ ಅಸಿಂಧು. ಕಾಯ್ದೆ ಬರುವ ಮೊದಲಿನ ಕ್ರಯಕ್ಕೂ ಇದು ಅನ್ವಯ. ಅಸಿಸ್ಟೆಂಟ್ ಕಮಿಷನರರಿಗೆ ಅರ್ಜಿ ಕೊಟ್ಟರೆ ಜಮೀನು ಬಿಡಿಸಿಕೊಡಬೇಕು. ಅರ್ಜಿ ಇಲ್ಲದಿದ್ದರೂ ಅಧಿಕಾರಿಯೇ ತಾನಾಗಿ ಮುಂದಾಗಬಹುದು. ಹೆಂಡಕ್ಕೆ, ಮದುವೆಗೆ, ಕಾಯಿಲೆಗೆ, ಕಾಳಿಗೆ ಕಳೆದುಕೊಂಡ ಎಕರೆಗಳು ವಾಪಸು ಬರುವ ದಾರಿ ಅದು.

ಈ ಸುದ್ದಿಯನ್ನು ಕೇರಿಗೆ ತಂದವರು ದಲಿತ ಸಂಘರ್ಷ ಸಮಿತಿಯ ಹುಡುಗರು. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಸಮಿತಿ ಅಧ್ಯಯನ ಶಿಬಿರಗಳನ್ನು ನಡೆಸಿತು. ಹಾಸ್ಟೆಲಿನಲ್ಲಿ ಓದುತ್ತಿದ್ದ ಹುಡುಗರು ಸೆಕ್ಷನ್ನುಗಳನ್ನು ಬಾಯಿಪಾಠ ಮಾಡಿ ರಜೆಗೆ ಊರಿಗೆ ಬಂದರು. ಮೈಸೂರಿನಿಂದ ಬರುತ್ತಿದ್ದ 'ಪಂಚಮ' ಪತ್ರಿಕೆ ಕೈಯಿಂದ ಕೈಗೆ ಹೋಯಿತು. ಹಾಡು, ಬೀದಿನಾಟಕ, ಗೋಡೆಬರಹ ಎಲ್ಲವೂ ಸುದ್ದಿಯ ದಾರಿಗಳಾದವು. ಬಂಡಾಯ ಸಾಹಿತ್ಯ ಅಂದರೆ ಬರೀ ಕೂಗು ಅನ್ನುವ ಪಂಡಿತರು ಇದನ್ನು ಕಣ್ಣು ಬಿಟ್ಟು ನೋಡಬೇಕು. ಆ ಕೂಗಿನಲ್ಲಿ ಕಾಯ್ದೆಯ ಸುದ್ದಿಯೂ ಇತ್ತು, ಅರ್ಜಿ ಎಲ್ಲಿ ಕೊಡಬೇಕು ಅನ್ನುವ ವಿವರವೂ ಇತ್ತು.

ಆದರೆ ಆ ಹುಡುಗರು ಎಷ್ಟು ಊರು ಮುಟ್ಟಬಲ್ಲರು? ನಮ್ಮ ಕೇರಿಯ ಒಂದು ಮನೆಯವರಿಗೆ ಮಂಜೂರಾಗಿದ್ದ 2 ಎಕರೆ 1969ರಲ್ಲಿ ಸಾಲಕ್ಕೆ ಹೋಗಿತ್ತು. ಅವರಿಗೆ ಈ ಕಾಯ್ದೆ ತಿಳಿದದ್ದು ಮೊಮ್ಮಗ ಕಾಲೇಜಿಗೆ ಹೋದ ಮೇಲೆ. 2009ರಲ್ಲಿ ಅರ್ಜಿ ಹಾಕಿದರು. ಮೊದಲ ಹಂತದಲ್ಲಿ ಗೆದ್ದರು. ಕೇರಿಯಲ್ಲಿ ಪಾಯಸ ಮಾಡಿದ್ದು ನನಗೆ ನೆನಪಿದೆ. ಆಮೇಲೆ ಮೇಲ್ಮನವಿ ಮೇಲೆ ಮೇಲ್ಮನವಿ. ಅಷ್ಟರಲ್ಲಿ 2017ರ ಅಕ್ಟೋಬರ್‌ನಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕಾಯ್ದೆಯಲ್ಲಿ ಗಡುವು ಬರೆದಿಲ್ಲದಿದ್ದರೂ 'ಯುಕ್ತ ಕಾಲ'ದೊಳಗೆ ಅರ್ಜಿ ಹಾಕಬೇಕು. ಕಾಯ್ದೆ ಬಂದು ಸುಮಾರು 25 ವರ್ಷವಾದ ಮೇಲೆ ಹಾಕಿದರೆ ಆಗದು. ಆ ತೀರ್ಪನ್ನು ಹಿಡಿದು ರಾಜ್ಯದಲ್ಲಿ ಒಂದರ ಮೇಲೊಂದು ಪ್ರಕರಣಗಳು ಬಿದ್ದುಹೋದವು. ನಮ್ಮ ಕೇರಿಯದೂ ಬಿತ್ತು.

ಯುಕ್ತ ಕಾಲ ಅಂದರೆ ಯಾರ ಕಾಲ? ಕಾಯ್ದೆ ಗೆಜೆಟ್ಟಿನಲ್ಲಿ ಅಚ್ಚಾದ ದಿನದಿಂದ ಎಣಿಸಬೇಕೋ, ಕೇರಿಗೆ ಸುದ್ದಿ ಮುಟ್ಟಿದ ದಿನದಿಂದ ಎಣಿಸಬೇಕೋ? ಕಾಯ್ದೆ ಗೊತ್ತಿಲ್ಲ ಅನ್ನುವುದು ನೆಪವಲ್ಲ ಅಂತ ಕಾನೂನಿನವರು ಹೇಳುತ್ತಾರೆ. ಸರಿ. ಹಾಗಾದರೆ ಗೊತ್ತುಮಾಡಿಸುವ ಹೊಣೆ ಯಾರದು? ತಾನಾಗಿ ಮುಂದಾಗಬೇಕಿದ್ದ ಅಧಿಕಾರಿ 25 ವರ್ಷ ಕುರ್ಚಿಯಲ್ಲಿ ಕೂತಿದ್ದು ವಿಳಂಬವಲ್ಲ, ಅಕ್ಷರ ಬಾರದವನು ಬಾಗಿಲು ತಟ್ಟಲು ತಡವಾದದ್ದು ಮಾತ್ರ ವಿಳಂಬ. ದಲಿತ ಸಂಘಟನೆಗಳು ಬಹಳ ಕಾಲ ಹೋರಾಡಿದ ಮೇಲೆ 2023ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿ ಇಲ್ಲ ಎಂದು ಬರೆಯಿತು. ಆದರೂ ವಿಳಂಬದ ವಾದ ಕೋರ್ಟುಗಳಲ್ಲಿ ನಿಂತಿಲ್ಲ. ಸುದ್ದಿ ತಡವಾದರೆ ಜಮೀನು ಹೇಗೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅರ್ಧ ಸುದ್ದಿ

ಸುದ್ದಿ ಬಾರದೆ ಹಾಳಾದದ್ದು ಒಂದು ರೀತಿ. ಅರ್ಧ ಸುದ್ದಿ ಬಂದು ಹಾಳಾದದ್ದು ಇನ್ನೊಂದು ರೀತಿ. 1978ರಲ್ಲಿ ಶುರುವಾಗಿ 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಹಬ್ಬಿದ ಸಮಗ್ರ ಗ್ರಾಮೀಣ ಅಭಿವೃದ್ಧಿ ಯೋಜನೆಯನ್ನೇ ತಗೊಳ್ಳಿ. ಎಮ್ಮೆ, ಹಸು, ಕುರಿ, ಗಾಡಿ ಕೊಳ್ಳಲು ಬ್ಯಾಂಕ್ ಸಾಲ, ಜೊತೆಗೆ ಸಬ್ಸಿಡಿ. ಸಣ್ಣ ರೈತನಿಗೆ ಶೇಕಡಾ 25, ಅತಿ ಸಣ್ಣ ರೈತ ಮತ್ತು ಕೂಲಿಗೆ ಮೂರರಲ್ಲೊಂದು ಪಾಲು, ಪರಿಶಿಷ್ಟರಿಗೆ ಶೇಕಡಾ 50. ಸಬ್ಸಿಡಿಯ ಮಾತು ದಲ್ಲಾಳಿಯ ಬಾಯಲ್ಲಿ ಜೋರಾಗಿ ಬಂತು. ಉಳಿದ ಅರ್ಧ ಸಾಲ, ಅದಕ್ಕೆ ಬಡ್ಡಿ ಇದೆ, ಎಮ್ಮೆಗೆ ವಿಮೆ ಇದೆ, ಎಮ್ಮೆ ಸತ್ತರೆ ಇಷ್ಟು ದಿನದಲ್ಲಿ ತಿಳಿಸಬೇಕು ಅನ್ನುವುದು ಬರಲಿಲ್ಲ.

ನಮ್ಮಜ್ಜಿ ಒಂದು ಎಮ್ಮೆ ತಗೊಂಡಿದ್ದಳು. "ಸರ್ಕಾರ ಪುಕ್ಕಟೆ ಕೊಡ್ತದೆ, ಹೆಬ್ಬೆಟ್ಟು ಒತ್ತು ಅಂದ್ರು ಮಗಾ, ಒತ್ತಿದೆ. ಎಮ್ಮೆ ಎಂಟು ತಿಂಗಳಿಗೇ ಸತ್ತೋಯ್ತು. ನೋಟೀಸು ಮಾತ್ರ ಸಾಯಲಿಲ್ಲ" ಅನ್ನುತ್ತಿದ್ದಳು. ವಿಮೆಯ ಕಾಗದ ಯಾರ ಪೆಟ್ಟಿಗೆಯಲ್ಲಿತ್ತೋ ಅವಳಿಗೆ ಕೊನೆಗೂ ತಿಳಿಯಲಿಲ್ಲ. 1999ರಲ್ಲಿ ಆ ಯೋಜನೆಯನ್ನು ಬೇರೊಂದರಲ್ಲಿ ಸೇರಿಸಿದರು. 1975ರಲ್ಲಿ ಹುಟ್ಟಿದ, ಈಗ ಅಂಬೇಡ್ಕರ್ ಹೆಸರು ಹೊತ್ತಿರುವ ಅಭಿವೃದ್ಧಿ ನಿಗಮದಲ್ಲಿ ಗಂಗಾ ಕಲ್ಯಾಣದ ಕೊಳವೆಬಾವಿ, ಭೂರಹಿತ ಮಹಿಳೆಯರಿಗೆ ಜಮೀನು ಕೊಡಿಸುವ ಭೂ ಒಡೆತನ ಯೋಜನೆಗಳಿವೆ. ಒಳ್ಳೆಯ ಯೋಜನೆಗಳು. ಆದರೆ ಅರ್ಜಿ ಕರೆದದ್ದು ಕೇರಿಗೆ ತಿಳಿಯುವಷ್ಟರಲ್ಲಿ ಶಾಸಕರ ಸಮಿತಿಯ ಪಟ್ಟಿ ಸಿದ್ಧವಾಗಿರುತ್ತದೆ.

ಕೇಳುವ ಹಕ್ಕು

ಈ ಕತ್ತಲಿಗೆ ಮೊದಲ ದೀಪ ಹಚ್ಚಿದವರು ರಾಜಸ್ಥಾನದ ಕೂಲಿಕಾರರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಜನಸುನ್ವಾಯಿ ನಡೆಸಿದರು. ಪಂಚಾಯ್ತಿಯ ಮಸ್ಟರ್ ರೋಲನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಮಾಡಿದ್ದು ಅಷ್ಟೇ. ಕಳ್ಳ ಲೆಕ್ಕ ಹೊರಬಿತ್ತು. ಆ ಹೋರಾಟ ಬೆಳೆದು ಮಾಹಿತಿ ಹಕ್ಕಾಯಿತು. ಕರ್ನಾಟಕ 2000ದಲ್ಲೇ ಒಂದು ಕಾಯ್ದೆ ಮಾಡಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಅದರ 4ನೇ ಸೆಕ್ಷನ್ ಪ್ರಕಾರ ಸಬ್ಸಿಡಿ ಯೋಜನೆಗಳು ಹೇಗೆ ನಡೆಯುತ್ತವೆ, ಎಷ್ಟು ಹಣ, ಫಲಾನುಭವಿಗಳು ಯಾರು ಎಂಬುದನ್ನು ಯಾರೂ ಕೇಳದೆಯೇ ಕಚೇರಿಗಳು ಪ್ರಕಟಿಸಬೇಕು. ನೂರಿಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಹೇಳುವ ಹೊಣೆ ಸರ್ಕಾರದ ತಲೆ ಮೇಲೆ ಬಂತು.

ಅದೇ 2005ರಲ್ಲಿ ಉದ್ಯೋಗ ಖಾತರಿ ಕಾಯ್ದೆ. 2006ರ ಫೆಬ್ರವರಿ 2ರಂದು ಶುರುವಾದಾಗ ನಮ್ಮ ರಾಜ್ಯದ ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ ಮೊದಲ ಪಟ್ಟಿಯಲ್ಲಿದ್ದವು. ಜಮೀನು ಕೇಳದೆ, ಜಾಮೀನು ಕೇಳದೆ, ದುಡಿಯುವ ಕೈಯನ್ನಷ್ಟೇ ನೋಡಿದ ಕಾಯ್ದೆ ಅದು. ನಮೂನೆ 6ರಲ್ಲಿ ಕೆಲಸ ಕೇಳಬೇಕು, ತಾರೀಕು ಹಾಕಿದ ರಸೀತಿ ಪಡೆಯಬೇಕು, 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ. ರಸೀತಿಯೇ ಅದರ ಜೀವ. ಬಾಯಲ್ಲಿ ಕೇಳಿದವರಿಗೆ "ಬಂದಾಗ ಹೇಳ್ತೀವಿ ಹೋಗಿ" ಅಂದರು. ರಸೀತಿ ಕೇಳಬೇಕು ಅಂತ ಕಲಿತ ಊರುಗಳಲ್ಲಿ ಹೆಂಗಸರು ಪಂಚಾಯ್ತಿ ಮುಂದೆ ಕೂತು ಕೆಲಸ ಪಡೆದರು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ತಂದಿತು. ದಿನ 100ರಿಂದ 125ಕ್ಕೆ ಏರಿದೆ ಎಂಬುದು ಎಲ್ಲರಿಗೂ ಕೇಳಿಸುವ ಹಾಗೆ ಸಾರಿದರು. ಖರ್ಚಿನ ದೊಡ್ಡ ಪಾಲು ರಾಜ್ಯಗಳ ಮೇಲೂ ಬಿದ್ದಿದೆ, ಬಿತ್ತನೆ ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನ ಕೆಲಸ ನಿಲ್ಲಿಸಬಹುದು ಎಂಬುದನ್ನು ಯಾರು ಸಾರಿದರು? ಬಿತ್ತನೆ ಕೊಯ್ಲಿನ ಕಾಲದಲ್ಲಿ ಸರ್ಕಾರದ ಕೆಲಸ ನಿಂತರೆ ಕೂಲಿಯವನು ಯಾರ ಹೊಲಕ್ಕೆ, ಯಾರು ಹೇಳಿದ ಕೂಲಿಗೆ ಹೋಗಬೇಕು? ಮತ್ತದೇ ಅರ್ಧ ಸುದ್ದಿ.

ಇವತ್ತು ಕಿಸೆಯಲ್ಲಿ ಫೋನಿದೆ. 2004ರಿಂದ ಕಿಸಾನ್ ಕಾಲ್ ಸೆಂಟರಿದೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಪಹಣಿ ಕಂಪ್ಯೂಟರಿನಲ್ಲಿದೆ. ಆದರೆ 2019ರಲ್ಲಿ ಬಂದ ವರ್ಷಕ್ಕೆ 6000 ರೂಪಾಯಿಯ ಕಿಸಾನ್ ಸಮ್ಮಾನ್ ಪಹಣಿಯಲ್ಲಿ ಹೆಸರಿದ್ದವನಿಗೆ ಮಾತ್ರ. ಗುತ್ತಿಗೆಗೆ ಉಳುವವನಿಗಿಲ್ಲ, ಕೂಲಿಗಿಲ್ಲ. 1883ರ ತಗಾವಿ ಕೇಳಿದ್ದೂ ಇದನ್ನೇ: ನಿನ್ನ ಜಮೀನು ತೋರಿಸು.

ನಾವು ಮಾಡಬೇಕಾದ್ದು

ಹಳ್ಳಿ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯ ಗೆಳತಿಯರೇ, ಈ ಚರಿತ್ರೆಯಿಂದ ನಾನು ಕಲಿತದ್ದು ಇಷ್ಟು. ಕಾಗೋಡಿನಲ್ಲಿ, ಸಂಘರ್ಷ ಸಮಿತಿಯ ಶಿಬಿರದಲ್ಲಿ, ಕೋಟ್ ಕಿರಾನಾದಲ್ಲಿ ಸುದ್ದಿ ಜನರಿಗೆ ಮುಟ್ಟಿತು, ಯಾಕೆಂದರೆ ಜನ ಒಟ್ಟಿಗೆ ಕೂತು ಗಟ್ಟಿಯಾಗಿ ಓದಿದರು. ಒಬ್ಬೊಬ್ಬರೇ ಕಿಟಕಿಗೆ ಹೋದ ಕಡೆ ಮುಟ್ಟಲಿಲ್ಲ. ಆದ್ದರಿಂದ ತಿಂಗಳಿಗೆ ಒಂದು ರಾತ್ರಿ ಕೇರಿಯ ದೀಪದ ಕೆಳಗೆ ಕೂತು ಯೋಜನೆಗಳ ಕಾಗದವನ್ನು ಪೂರಾ ಓದೋಣ. ಯಾರಿಗೆ ಸಿಗುತ್ತದೆ, ಕಡೇ ದಿನ ಯಾವುದು, ಸಾಲವೆಷ್ಟು ಸಬ್ಸಿಡಿ ಎಷ್ಟು, ರಸೀತಿ ಯಾರು ಕೊಡಬೇಕು, ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಗುವವರೆಗೆ ಏಳುವುದು ಬೇಡ. ಫಲಾನುಭವಿಗಳ ಪಟ್ಟಿ ಕೇಳೋಣ, ಗ್ರಾಮಸಭೆಯಲ್ಲಿ ಓದಿಸೋಣ. ಹೆಬ್ಬೆಟ್ಟು ಒತ್ತುವ ಮೊದಲು ಓದಿ ಹೇಳಿ ಅಂತ ನಮ್ಮ ಅವ್ವಂದಿರಿಗೆ ಕಲಿಸೋಣ. ಪಿಟಿಸಿಎಲ್ ಜಮೀನಿರುವ ಮನೆಗಳ ಸಾಗುವಳಿ ಚೀಟಿಯನ್ನು ಇವತ್ತೇ ಹುಡುಕಿ ತೆಗೆಸೋಣ, ನಾಳೆ ಅನ್ನುವುದು ಬೇಡ. ನಾಳೆ ಅಂದದ್ದಕ್ಕೆ ಏನಾಯಿತು ಅಂತ ನೋಡಿದ್ದೀವಿ.

ತಾತ ಸತ್ತು ಹತ್ತು ವರ್ಷದ ಮೇಲಾಯಿತು. ಅವನ ತಮಟೆ ನಮ್ಮ ಮನೆಯ ಗೋಡೆಯಲ್ಲಿದೆ. ಕಳೆದ ವರ್ಷ ಗ್ರಾಮಸಭೆಯ ಹಿಂದಿನ ಸಂಜೆ ನಾನೂ ನನ್ನ ತಂಗಿಯೂ ಅದನ್ನು ಇಳಿಸಿ, ಕಾಯಿಸಿ, ಸಭೆಯ ಹೊತ್ತನ್ನು ಸಾರಿದೆವು. ಶುರು ಮಾಡಿದ್ದು ಕೇರಿಯಿಂದ.